ಒಂದು ಪದ ಸಾಕು: ಓದಿನಿಂದ ಮನೆತನದ ವಲಸೆಯ ನೆನಪುಗಳನ್ನು ಎಬ್ಬಿಸುವ ಬಗೆ

ಶಿರಸಿಯ ನಮ್ಮ ಮನೆಯ ಜಗಲಿ. ಮಳೆಗಾಲದ ಒಂದು ಮಧ್ಯಾಹ್ನ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ನಾನು ಒಂದು ಲೇಖನ ಓದಿ ಹೇಳುತ್ತಿದ್ದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಕಡೆಯ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಬಗ್ಗೆ ಇದ್ದ ಲೇಖನ. ಅದರಲ್ಲಿ ‘ಕಗ್ಗ’ ಎಂಬ ಪದ ಬಂತು. ಉಪ್ಪುನೀರು ನುಗ್ಗಿದರೂ ಬೆಳೆಯುವ ಭತ್ತ ಅದು. ತೂಕಡಿಸುತ್ತಿದ್ದ ಅಜ್ಜಿ ಕಣ್ಣು ಬಿಟ್ಟಳು. “ಸೊಂಟದ ತನಕ ನೀರಿರ್ತಿತ್ತು. ತೆನೆ ಅಷ್ಟೇ ಕೊಯ್ಯೂದು. ಅಪ್ಪ ದೋಣಿ ಹಿಡ್ಕಂಡು ನಿಂತಿರ್ತಿದ್ದ” ಅಂದಳು.

ಅಜ್ಜಿಯ ಅಪ್ಪ ಗಜನಿ ಗದ್ದೆ ಮಾಡುತ್ತಿದ್ದರು ಅನ್ನುವುದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನ್ನ ತವರು ಯಾವುದು ಎಂದು ಕೇಳಿದಾಗೆಲ್ಲ “ಕೆಳಗೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಘಟ್ಟದ ಮೇಲೆ ಕೂತು ಕೆಳಗೆ ಅಂದರೆ ಇಡೀ ಕರಾವಳಿಯೇ ಆಯಿತು. ಹತ್ತಾರು ಸಲ ಕೇಳಿದರೂ ಸಿಗದ ಊರು ಅವತ್ತು ಎರಡಕ್ಷರದ ಒಂದು ಪದಕ್ಕೆ ಸಿಕ್ಕಿತು.

ಅವತ್ತಿನಿಂದ ನಾನು ಓದುವ ರೀತಿಯೇ ಬದಲಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವಲಸೆ ಬಾರದ ಮನೆತನ ಹುಡುಕುವುದು ಕಷ್ಟ. ಗೋವೆಯಿಂದ ಬಂದವರು, ಕೆಳಗಿನಿಂದ ಮೇಲೆ ಹತ್ತಿದವರು, ಮುಂಬೈಗೆ ಹೋದವರು, ಅಣೆಕಟ್ಟಿನ ನೀರಿಗೆ ಊರು ಬಿಟ್ಟವರು. ಆದರೆ ಆ ಕತೆ ಹೆಚ್ಚಿನ ಮನೆಗಳಲ್ಲಿ ಎರಡು ತಲೆಮಾರಿಗೆ ಒಣಗಿಹೋಗಿದೆ. ಅದಕ್ಕೆ ನೀರು ಹನಿಸಲು ಓದು ಹೇಗೆ ಸಹಾಯ ಮಾಡುತ್ತದೆ, ಎಲ್ಲಿಂದ ಶುರು ಮಾಡಬೇಕು ಎಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಓದುವ ಮೊದಲು ಗೊತ್ತಿದ್ದಷ್ಟನ್ನು ಬರೆಯಿರಿ

ಒಂದು ಇನ್ನೂರು ಪುಟದ ವಹಿ ತನ್ನಿ. ಬಲಗಡೆಯ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆಯದು ಖಾಲಿ ಇರಲಿ. ಅದು ಯಾಕೆ ಬೇಕು ಎಂದು ಕೊನೆಗೆ ಹೇಳುತ್ತೇನೆ.

ಮೊದಲ ಪುಟದಲ್ಲಿ ಮನೆಯ ಅಡ್ಡಹೆಸರು, ಕುಲದೇವರು, ಗೋತ್ರ ಅಥವಾ ಬಳಿ, ಮನೆಯೊಳಗೆ ಆಡುವ ಭಾಷೆ, ಅಜ್ಜ ಅಜ್ಜಿಯರ ಊರುಗಳು, ಮದುವೆಗೆ ಹೆಣ್ಣು ತರುತ್ತಿದ್ದ ಊರುಗಳನ್ನು ಬರೆಯಿರಿ. ಗೊತ್ತಿಲ್ಲದ ಕಡೆ ಜಾಗ ಬಿಡಿ.

ಅಡ್ಡಹೆಸರೇ ಅರ್ಧ ದಾರಿ ತೋರಿಸುತ್ತದೆ. ಅಂಕೋಲೆಕರ, ಮಿರ್ಜಾನಕರ, ಹಳದೀಪುರ, ಕಾಯ್ಕಿಣಿ, ಮುರ್ಡೇಶ್ವರ ಇವೆಲ್ಲ ಊರಿನ ಹೆಸರುಗಳೇ. ಒಂದು ಸಂಗತಿ ಗಮನಿಸಿ. ಊರಲ್ಲೇ ಇರುವವರನ್ನು ಯಾರೂ ಆ ಊರಿನ ಹೆಸರಿಂದ ಕರೆಯುವುದಿಲ್ಲ. ಬೇರೆ ಕಡೆ ಹೋದಾಗಲೇ “ಅಂಕೋಲೆಯವರು” ಅನ್ನಿಸಿಕೊಳ್ಳುವುದು. ಹಾಗಾಗಿ ಊರಿನ ಅಡ್ಡಹೆಸರು ಇರುವ ಮನೆತನ ಯಾವಾಗಲೋ ಆ ಊರಿನಿಂದ ಹೊರಟಿರುವ ಸಾಧ್ಯತೆ ಜಾಸ್ತಿ.

ಕುಲದೇವರೂ ಹಾಗೆಯೇ. ಕಾರವಾರದಲ್ಲೋ ಕುಮಟಾದಲ್ಲೋ ಇರುವ ಮನೆಯವರು ಹರಕೆ ಒಪ್ಪಿಸಲು ಗೋವೆಯ ಮಂಗೇಶಿಗೆ, ಕವಳೆಯ ಶಾಂತಾದುರ್ಗೆಗೆ, ಮಾರ್ದೋಳದ ಮ್ಹಾಳಸೆಗೆ ಹೋಗುತ್ತಾರೆ ಅಂದರೆ, ಆ ಪ್ರಯಾಣದ ದಾರಿಯೇ ಅವರ ಹಿರಿಯರು ಬಂದ ದಾರಿ. ನಾವು ಅದನ್ನು ವರ್ಷಕ್ಕೊಮ್ಮೆ ತಿರುಗಿ ನಡೆಯುತ್ತಿದ್ದೇವೆ, ಅಷ್ಟೇ.

ಹೆಜ್ಜೆ 2: ನಿಮ್ಮ ದಾರಿಗೆ ಹೊಂದುವ ಓದನ್ನು ಆರಿಸಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. “ನಮ್ಮ ಸಂಸ್ಕೃತಿ” ಎಂಬ ದಪ್ಪ ಪುಸ್ತಕ ತಂದು ಓದಿದರೆ ನೆನಪು ಏಳುವುದಿಲ್ಲ. ನೆನಪಿಗೆ ಬೇಕಾದದ್ದು ಸಣ್ಣ ವಸ್ತು. ಒಂದು ಪಾತ್ರೆ, ಒಂದು ಮೀನು, ಒಂದು ಘಟ್ಟದ ತಿರುವು. ಅಂಥ ಸಣ್ಣ ವಸ್ತುಗಳು ತುಂಬಿರುವ ಓದನ್ನೇ ಹುಡುಕಿ. ಮನೆತನ ಎತ್ತ ಕಡೆಯಿಂದ ಬಂತು ಎಂಬುದರ ಮೇಲೆ ಅದು ಬೇರೆ ಬೇರೆ.

ಗೋವೆಯಿಂದ ಬಂದವರಾದರೆ, ಪೋರ್ಚುಗೀಸರು ಗೋವೆಯನ್ನು ಹಿಡಿದ 1510ರಿಂದ ಶುರು ಮಾಡಿ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ದೇವಸ್ಥಾನಗಳು ಬಿದ್ದವು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ವೆರ್ಣೆಯ ಮ್ಹಾಳಸೆ, ಈ ದೇವರುಗಳೇ ನದಿ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿ ಇರದಿದ್ದ ಫೋಂಡಾ ಕಡೆ ಹೋದರು. ದೇವರು ಹೊರಟ ಮೇಲೆ ಜನರೂ ದಕ್ಷಿಣಕ್ಕೆ ಇಳಿದರು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತ ಮನೆತನಗಳಲ್ಲೂ ಗೋವೆಯಿಂದ ಬಂದವು ಬಹಳ. ಈ ಇತಿಹಾಸವನ್ನು ದೇವಸ್ಥಾನಗಳ ಚಿಕ್ಕ ಪುಸ್ತಿಕೆಗಳಲ್ಲಿ, ಇಗರ್ಜಿಗಳ ನೂರು ವರ್ಷದ ಸಂಚಿಕೆಗಳಲ್ಲಿ ಓದಿ. ಅವುಗಳಲ್ಲಿ ಇರುವ ಹೆಸರುಗಳು, ಹಬ್ಬದ ವಿಧಿಗಳು, ತಿಂಡಿಗಳು ದೊಡ್ಡ ಇತಿಹಾಸದ ಪುಸ್ತಕದಲ್ಲಿ ಸಿಗುವುದಿಲ್ಲ.

ಇದೇ ದಾರಿಯಲ್ಲಿ ಎದುರುಗಡೆ ಹೋದವರೂ ಇದ್ದಾರೆ. ಹೈದರಾಲಿ 1763ರ ಸುಮಾರಿಗೆ ಶಿರಸಿ ಹತ್ತಿರದ ಸೋದೆಯನ್ನು ಹಿಡಿದಾಗ ಅಲ್ಲಿಯ ಅರಸರು ಓಡಿ ಸೇರಿದ್ದು ಗೋವೆಗೆ. ಶಿರಸಿ ಕಡೆಯ ಮನೆತನದ ಕತೆಯಲ್ಲಿ “ಅರಸರ ಸಂಗಡ ಹೋದವರು” ಎಂಬ ಮಾತು ಬಂದರೆ ಅದನ್ನು ಸುಮ್ನೆ ತಳ್ಳಿಹಾಕಬೇಡಿ.

ಕೆಳಗಿನಿಂದ ಮೇಲೆ ಬಂದವರಾದರೆ ಓದಬೇಕಾದದ್ದು ಚಳಿಜ್ವರದ ಕತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಹಳ್ಳಿಗಳನ್ನು ಮಲೇರಿಯಾ ಹಿಂಡಿ ಹಾಕಿತ್ತು. ಮನೆ ಮನೆಗಳೇ ಖಾಲಿಯಾಗಿ ತೋಟಗಳು ಹಾಳುಬಿದ್ದವು. 1940ರ ದಶಕದ ಕೊನೆಗೆ ಡಿಡಿಟಿ ಹೊಡೆಯಲು ಶುರುವಾದ ಮೇಲೆ ಜ್ವರ ಇಳಿಯಿತು. ಆಮೇಲೆ ಕೆಳಗಿನ ಜನ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಹತ್ತಿ ಬಂದು ತೋಟದ ಕೆಲಸಕ್ಕೆ ನಿಂತರು. ನಮ್ಮ ಅಜ್ಜನೂ ಹಾಗೆ ಬಂದವರು ಎಂದು ಈಗ ಗೊತ್ತಾಗಿದೆ. ಹವ್ಯಕ ಮನೆತನಗಳಿಗೆ ಇದಕ್ಕಿಂತ ಬಹಳ ಹಳೆಯ ಇನ್ನೊಂದು ಕತೆ ಇದೆ. ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದ ಎಂಬ ಐತಿಹ್ಯ ಅದು. ಐತಿಹ್ಯವನ್ನು ಐತಿಹ್ಯವಾಗಿಯೇ ಬರೆದಿಡಿ. ನಿಮ್ಮ ಮನೆಯಲ್ಲಿ ಅದನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳುತ್ತಿದ್ದರು ಎಂಬುದೇ ನಿಮಗೆ ಮುಖ್ಯ.

ಮುಂಬೈಯ ದಾರಿ ಮೂರನೆಯದು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ರವರೆಗೆ ಅಲ್ಲೇ ಇತ್ತು. ತೊಂಬತ್ತಕ್ಕೂ ಜಾಸ್ತಿ ವರ್ಷ ನಮಗೆ ರಾಜಧಾನಿ ಅಂದರೆ ಮುಂಬೈ. ಮೆಟ್ರಿಕ್ ಮುಗಿಸಿದ ಹುಡುಗ ಆಗಬೋಟು (ಉಗಿಹಡಗು) ಹತ್ತಿ ಅಲ್ಲಿಗೇ ಹೋಗುತ್ತಿದ್ದ. ಗಾಮದೇವಿಯಲ್ಲಿ ಸಾರಸ್ವತರು 1915ರಲ್ಲೇ ಸಹಕಾರಿ ವಸತಿ ಸಂಘ ಕಟ್ಟಿದ್ದರು. ಈ ದಾರಿಯವರಿಗೆ ಕತೆಗಳೇ ಒಳ್ಳೆಯ ಓದು. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬದುಕಿದ್ದು ಮುಂಬೈಯಲ್ಲಿ. ಅವರ ಕತೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ಊರು ಬಿಟ್ಟವರು ಊರನ್ನು ಎಷ್ಟು ಸಣ್ಣ ಸಣ್ಣ ವಿವರದಲ್ಲಿ ಕಾಪಾಡಿಕೊಳ್ಳುತ್ತಾರೆ ಎಂದು ಅಲ್ಲಿ ಕಾಣುತ್ತದೆ.

ನಾಲ್ಕನೆಯವರು ತಾವಾಗಿ ಹೊರಟವರಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಎಷ್ಟೋ ಜನ ರಾಮನಗರಕ್ಕೆ ಬಂದರು. ಕಾರವಾರದ ಅರಗಾದಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ಶುರುವಾಯಿತು. ನಡುವೆ ಸಾವಿರಾರು ಮನೆಯವರು ಜಾಗ ಬಿಟ್ಟು ಏಳಬೇಕಾಯಿತು. ಇವರಿಗೆ ಆ ಕಾಲದ ಪತ್ರಿಕೆಗಳ ಹಳೇ ಸಂಚಿಕೆಗಳು ಬೇಕು. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ.

ಭಟ್ಕಳದ ನವಾಯತ ಮುಸ್ಲಿಮರಿಗೆ ಅರಬರ ಹಡಗುಗಳ ಹಳೆಯ ಕತೆಯೂ ಇದೆ, ದುಬೈಯ ಹೊಸ ಕತೆಯೂ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಸಿದ್ದಿಗಳ ದಾರಿ ಎಲ್ಲಕ್ಕಿಂತ ಉದ್ದ. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಅವರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಅವರಲ್ಲಿ ಅನೇಕರು. ಅಂಥ ಮನೆತನಗಳಲ್ಲಿ ಬರೆದ ಕಾಗದ ಕಡಿಮೆ, ಅವರ ದಮಾಮಿಯ ಹಾಡು ಕುಣಿತವೇ ಗ್ರಂಥ. ಹಾಲಕ್ಕಿ ಒಕ್ಕಲಿಗರ ಹಾಡುಗಳೂ ಹಾಗೆಯೇ. ಸಂಗ್ರಹವಾದ ಜಾನಪದ ಹಾಡುಗಳನ್ನು ಓದುವಾಗ, ಓದುವುದಕ್ಕಿಂತ ಹಾಡಿಸುವುದು ಒಳ್ಳೆಯದು.

ಎಲ್ಲರಿಗೂ ಬೇಕಾಗುವ ಒಂದು ಪುಸ್ತಕ ಇದೆ. ಬ್ರಿಟಿಷರು 1883ರಲ್ಲಿ ಅಚ್ಚು ಹಾಕಿಸಿದ ಮುಂಬೈ ಪ್ರಾಂತದ ಗೆಜೆಟಿಯರ್, ಅದರ 15ನೆಯ ಸಂಪುಟ, ಎರಡು ಭಾಗ. ಪೂರ್ತಿ ನಮ್ಮ ಜಿಲ್ಲೆಯ ಬಗ್ಗೆ. ಇಂಗ್ಲಿಷಿನಲ್ಲಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಂದರುಗಳು, ಸಂತೆಗಳು, ಯಾವ ಜಾತಿಯವರು ತಾವು ಎಲ್ಲಿಂದ ಬಂದೆವು ಎಂದು ಹೇಳುತ್ತಿದ್ದರು, ಏನು ತಿನ್ನುತ್ತಿದ್ದರು, ಎಲ್ಲ ಅದರಲ್ಲಿದೆ. ಅದಕ್ಕೂ ಮೊದಲು 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹೋಗಿ ದಿನಚರಿ ಬರೆದಿದ್ದಾನೆ. ಆದರೆ ಜೋಕೆ. ಬರೆದವರು ಆಳುವವರು. ಮನುಷ್ಯರನ್ನು ಜಾತಿ ಜಾತಿಯಾಗಿ ತೂಗಿ, ಇವರು ಕಪ್ಪು, ಇವರು ಸೋಮಾರಿ ಎಂದು ತೀರ್ಪು ಕೊಟ್ಟಿರುತ್ತಾರೆ. ಅಂಥ ಸಾಲನ್ನು ಮನೆಯ ಹಿರಿಯರ ಮುಂದೆ ಓದಬೇಡಿ. ವಸ್ತುಗಳ ಹೆಸರು, ದಾರಿಗಳ ಹೆಸರು ತೆಗೆದುಕೊಳ್ಳಿ. ತೀರ್ಪನ್ನು ಅಲ್ಲೇ ಬಿಡಿ.

ಹೆಜ್ಜೆ 3: ಒಬ್ಬರೇ ಓದುವಾಗ ಪೆನ್ಸಿಲ್ ಕೈಯಲ್ಲಿರಲಿ

ದಿನಕ್ಕೆ ಐದಾರು ಪುಟ ಸಾಕು. ಓದುತ್ತಾ ಹೋಗುವಾಗ ಎಲ್ಲೋ ಒಂದು ಕಡೆ ಮನಸ್ಸು ಪುಟ ಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ ನಾವು “ಗಮನ ತಪ್ಪಿತು” ಎಂದು ಮತ್ತೆ ಸಾಲಿಗೆ ಬರುತ್ತೇವೆ. ಹಾಗೆ ಮಾಡಬೇಡಿ. ಅಲ್ಲೇ ನಿಲ್ಲಿ. ಎಲ್ಲಿಗೆ ಹೋಯಿತು ನೋಡಿ. ಯಾವ ಪದಕ್ಕೆ ಹೋಯಿತೋ ಆ ಪದದ ಕೆಳಗೆ ಗೆರೆ ಎಳೆಯಿರಿ.

ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡುವುದು ಅಡುಗೆಮನೆಯ ಮತ್ತು ನೀರಿನ ಪದಗಳು. ಮುರುಗಲು, ಉಪ್ಪಾಗೆ, ಕೊಟ್ಟೆ ಕಡುಬು, ತೊಡದೇವು, ಸಾಣಿಕಟ್ಟೆಯ ಉಪ್ಪು, ತಾರಿ, ಮಚವೆ, ಬಂದರು. ದೇವರ ಪದಗಳೂ ಅಷ್ಟೇ: ಜಟಗ, ಚೌಡಿ, ನಾಗಬನ. ಊರು ಬಿಟ್ಟವರು ಹೊಲ ಬಿಟ್ಟರು, ಮನೆ ಬಿಟ್ಟರು. ನಾಲಿಗೆಯ ರುಚಿಯನ್ನೂ ದೇವರ ಹೆದರಿಕೆಯನ್ನೂ ಸಂಗಡ ಕಟ್ಟಿಕೊಂಡೇ ಬಂದರು. ಘಟ್ಟದ ಮೇಲೆ ಎಪ್ಪತ್ತು ವರ್ಷ ಇದ್ದರೂ ನಮ್ಮ ಅಜ್ಜಿಗೆ ಒಣಮೀನು ಇಲ್ಲದ ಮಳೆಗಾಲ ಮಳೆಗಾಲ ಅನ್ನಿಸುತ್ತಿರಲಿಲ್ಲ. ಅದು ಬರೀ ನಾಲಿಗೆ ಚಪಲ ಎಂದುಕೊಂಡಿದ್ದೆವು. ತವರಿನ ಊರು ಗೊತ್ತಾದ ಮೇಲೆ ಆ ಒಣಮೀನಿನ ಅರ್ಥವೇ ಬೇರೆಯಾಯಿತು.

ಓದು ಮುಗಿದ ಕೂಡಲೇ ಮಾತ್ರ ಬರೆದಿಡಿ. ರಾತ್ರಿ ಬರೆಯುತ್ತೇನೆ ಅಂದರೆ ಹೋಯಿತು.

ಹೆಜ್ಜೆ 4: ಹಿರಿಯರ ಮುಂದೆ ಗಟ್ಟಿಯಾಗಿ ಓದಿ

ನಿಜವಾದ ಕೆಲಸ ಇಲ್ಲಿದೆ. ಉಳಿದ ಹೆಜ್ಜೆಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ.

“ಅಜ್ಜಾ, ನಾವು ಎಲ್ಲಿಂದ ಬಂದವರು?” ಎಂದು ಕೇಳಿದರೆ ಅದು ಪರೀಕ್ಷೆಯ ಪ್ರಶ್ನೆಯ ಹಾಗೆ. ತಪ್ಪು ಹೇಳಿಬಿಟ್ಟರೆ ಎಂಬ ಭಯಕ್ಕೆ ಅವರು “ಗೊತ್ತಿಲ್ಲ ಮಾರಾಯಾ” ಅಂದುಬಿಡುತ್ತಾರೆ. ಓದಿ ಹೇಳುವಾಗ ಆ ಭಾರ ಇಲ್ಲ. ಕತೆ ಬೇರೆ ಯಾರದ್ದೋ. ಅವರು ಕೇಳುವವರು ಮಾತ್ರ. ಪುಸ್ತಕದವರು ತಪ್ಪು ಬರೆದಿದ್ದರೆ ತಿದ್ದುವ ಹಕ್ಕೂ ಅವರದ್ದೇ. ಆ ತಿದ್ದುವ ಆಸೆಯೇ ಬಾಯಿ ಬಿಡಿಸುತ್ತದೆ. “ಹಾಂಗಲ್ಲ ಅದು” ಎಂದು ಅವರು ಶುರು ಮಾಡಿದರೆ ಪುಸ್ತಕ ಮಡಚಿಬಿಡಿ. ಇನ್ನು ಅವರೇ ಪುಸ್ತಕ.

ಹೊತ್ತು ನೋಡಿ ಕೂತುಕೊಳ್ಳಿ. ಮಧ್ಯಾಹ್ನದ ಚಾ ಆದ ಮೇಲೆ, ಅಡಿಕೆ ಸುಲಿಯುವಾಗ, ಹೂ ಕಟ್ಟುವಾಗ. ಕೈಗೆ ಕೆಲಸ ಇದ್ದಾಗ ಮಾತು ಸಲೀಸು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓದಬೇಡಿ. ಅವರ ಹತ್ತರಿಂದ ಮೂವತ್ತು ವರ್ಷದವರೆಗಿನ ಬದುಕಿಗೆ ತಾಗುವ ಭಾಗವನ್ನು ಆರಿಸಿ. ವಯಸ್ಸಾದವರಿಗೆ ಆ ಕಾಲದ ನೆನಪುಗಳೇ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವೆ. 1940ರಲ್ಲಿ ಹುಟ್ಟಿದ ಅಜ್ಜನಿಗೆ 1950 ಮತ್ತು 60ರ ದಶಕದ ಕರಾವಳಿಯ ಬಗ್ಗೆ ಓದಿ.

ಅವರ ಮನೆಮಾತಿನಲ್ಲಿ ಮಾತಾಡಿ. ಕಾರವಾರದ ಕಡೆಯ ಎಷ್ಟೋ ಹಿರಿಯರಿಗೆ ಕನ್ನಡ ಶಾಲೆಯ ಭಾಷೆ, ಕೆಲವರಿಗೆ ಶಾಲೆಯದ್ದೂ ಮರಾಠಿಯೇ. ಕನ್ನಡದ ಸಾಲು ಓದಿ, ಕೊಂಕಣಿಯಲ್ಲಿ ವಿವರಿಸಿ. ಉತ್ತರ ಯಾವ ಭಾಷೆಯಲ್ಲಿ ಬಂತೋ ಹಾಗೇ ಇರಲಿ.

ಪ್ರಶ್ನೆ ಕೇಳಬೇಕಾದರೆ ಕೈಗೆ ಸಿಗುವಂಥದ್ದು ಕೇಳಿ. “ಆ ಮನೆ ಹೇಗಿತ್ತು” ಬೇಡ. “ಬಾವಿ ಮನೆಯ ಮುಂದಿತ್ತಾ, ಹಿಂದಿತ್ತಾ?” “ಹೊರಟ ದಿನ ಊಟಕ್ಕೆ ಏನು ಮಾಡಿದ್ರು?” “ಸಂಗಡ ಏನೇನು ತಂದ್ರಿ? ಏನು ಬಿಟ್ಟು ಬಂದ್ರಿ?” ಈ ಕೊನೆಯ ಎರಡು ಪ್ರಶ್ನೆಗೆ ಉತ್ತರ ಬಾರದೆ ಇದ್ದದ್ದನ್ನು ನಾನು ನೋಡಿಲ್ಲ. ಒಬ್ಬರು ಕಡೆಗೋಲು ಅಂದರು. ಇನ್ನೊಬ್ಬರು ಒಂದು ಹಲಸಿನ ಸಸಿ ತಂದದ್ದು ಹೇಳಿದರು, ಆ ಮರ ಇವತ್ತಿಗೂ ಕಾಯಿ ಬಿಡುತ್ತದೆ. ಆದರೆ ಉತ್ತರವನ್ನು ನೀವೇ ಬಾಯಿಗೆ ತುರುಕಬೇಡಿ. “ದೋಣಿಯಲ್ಲೇ ಬಂದದ್ದು ಅಲ್ವಾ?” ಅಂದರೆ ಹೌದು ಅನ್ನುತ್ತಾರೆ, ಸ್ವಲ್ಪ ದಿನಕ್ಕೆ ಅವರಿಗೂ ಅದೇ ನೆನಪಾಗಿಬಿಡುತ್ತದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ನೌಕಾನೆಲೆಗೆ ಮನೆ ಬಿಟ್ಟುಕೊಟ್ಟ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ಅವರ ಊರಿನ ಬಗ್ಗೆ ಹಳೇ ಪತ್ರಿಕೆಯಲ್ಲಿ ಬಂದ ವರದಿ ಸಿಕ್ಕಿತ್ತು. ಹುಮ್ಮಸ್ಸಿನಲ್ಲಿ ಮೊಬೈಲ್ ರೆಕಾರ್ಡರ್ ಎದುರಿಗಿಟ್ಟು ನೇರವಾಗಿ ಓದಲು ಶುರು ಮಾಡಿದೆ. ಮನೆ ಒಡೆದ ದಿನದ ವಿವರ ಬರುವಾಗ ಅವರು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅತ್ತೆ ಮೆಲ್ಲಗೆ ಬಂದು, “ಇವತ್ತು ಸಾಕು ಮಗಾ” ಅಂದರು. ಕೇಳದೆ ರೆಕಾರ್ಡ್ ಮಾಡಿದ್ದು ತಪ್ಪು. ನೋವಿನ ಭಾಗದಿಂದ ಶುರು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಆರು ತಿಂಗಳ ನಂತರ ಮತ್ತೆ ಹೋದಾಗ ಬರೀ ಸಮುದ್ರದ ಮೀನುಗಳ ಬಗ್ಗೆ ಒಂದು ಪುಟ ಓದಿದೆ. ಅವತ್ತು ರಂಪಣಿ ಬಲೆ ಎಳೆಯುವಾಗ ಊರಿಗೆ ಊರೇ ದಂಡೆಗೆ ಬರುತ್ತಿದ್ದದ್ದನ್ನು ಎರಡು ತಾಸು ಹೇಳಿದರು.

ಹಾಗಾಗಿ ಮೊದಲೇ ಕೇಳಿ: ಓದಲಾ? ಬರೆದುಕೊಳ್ಳಲಾ? ರೆಕಾರ್ಡ್ ಮಾಡಲಾ? ಇದನ್ನು ಮನೆಯವರಿಗೆಲ್ಲ ತೋರಿಸಬಹುದಾ? ಸಾಲ, ಗೇಣಿ, ಜಾತಿಯ ಅವಮಾನ, ಸತ್ತ ಮಗು, ಇಂಥದ್ದು ಬಂದಾಗ ಪೆನ್ನು ಕೆಳಗಿಡಿ. ಹೇಳಬೇಕು ಅನ್ನಿಸಿದ ದಿನ ಅವರೇ ಹೇಳುತ್ತಾರೆ.

ಹೆಜ್ಜೆ 5: ವಹಿಯಲ್ಲಿ ಮೂರು ಸಾಲು

ಪ್ರತಿ ಸಲವೂ ಮೂರು ಸಂಗತಿ ಬರೆಯಿರಿ. ಏನು ಓದಿದೆವು, ಯಾವ ಪದಕ್ಕೆ ಏನು ನೆನಪಾಯಿತು, ಏನನ್ನು ಇನ್ನೂ ನೋಡಬೇಕು. ಹೇಳಿದವರ ಹೆಸರು, ದಿನಾಂಕ ಇರಲಿ. “ಕೊಯ್ಯೂದು” ಅಂದದ್ದನ್ನು “ಕೊಯ್ಯುವುದು” ಎಂದು ತಿದ್ದಬೇಡಿ. ಆ ಊರಿನ ಗುರುತು ಇರುವುದೇ ಅದರಲ್ಲಿ.

ಹೆಜ್ಜೆ 6: ನೆನಪಿಗೆ ವರ್ಷ ಕಟ್ಟಿ

ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ. “ನಿಮ್ಮ ದೊಡ್ಡಪ್ಪ ಅಂಬೆಗಾಲು ಇಡ್ತಿದ್ದ” ಅನ್ನುತ್ತಾರೆ. ಅದನ್ನು ಲೋಕದ ಘಟನೆಗೆ ಜೋಡಿಸಬೇಕು. ಈ ಗೂಟಗಳು ನನಗೆ ಬಹಳ ಉಪಯೋಗ ಆಗಿವೆ.

ಅಂಕೋಲೆಯ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್. ಅದಾದ ಮೇಲೆ ಅಂಕೋಲಾ, ಸಿದ್ದಾಪುರ, ಶಿರಸಿ ಕಡೆ ಕರನಿರಾಕರಣೆ. ಗಾಂಧೀಜಿ ತೀರಿಹೋದದ್ದು 1948ರ ಜನವರಿ. ಮುಂಬೈ ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1956. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್. ಕಾರವಾರದವರಿಗೆ 1961ರ ಡಿಸೆಂಬರ್ ಮರೆಯುವಂಥದ್ದಲ್ಲ, ಗೋವೆಯ ಬಿಡುಗಡೆ, ಕಣ್ಣೆದುರಿನ ಅಂಜದೀವ ನಡುಗಡ್ಡೆಯಲ್ಲಿ ನಮ್ಮ ನೌಕಾಪಡೆ ಇಳಿದದ್ದು. ಮುಂಡಗೋಡದಲ್ಲಿ ಟಿಬೆಟಿನವರು ಬಂದು ನೆಲೆಸಿದ್ದು 1966. ಉಳುವವನೇ ಒಡೆಯ ಎಂಬ ಕಾನೂನು 1974. ತುರ್ತು ಪರಿಸ್ಥಿತಿ 1975. ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿ. ಶಿರಸಿಯವರಿಗೆ ಇನ್ನೊಂದು ಒಳ್ಳೆಯ ಗಡಿಯಾರ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದರಿಂದ “ಆ ಜಾತ್ರೆ ಆದ ಮರುವರ್ಷ” ಅಂದರೆ ಲೆಕ್ಕ ಸಿಗುತ್ತದೆ.

ಇವುಗಳ ಬಗ್ಗೆ ಒಂದೊಂದು ಪುಟ ಓದಿ, “ಆಗ ನೀವು ಎಲ್ಲಿದ್ರಿ?” ಎಂದು ಕೇಳಿ. ನಮ್ಮ ಅಜ್ಜಿಗೆ ಅಂಜದೀವ ಗೊತ್ತಿರಲಿಲ್ಲ. ನಯಾಪೈಸೆ ಗೊತ್ತಿತ್ತು. “ಅದು ಬಂದಾಗ ಮೇಲೆ ಬಂದು ಮೂರು ಮಳೆಗಾಲ ಆಗಿತ್ತು” ಅಂದಳು. ಅಂದರೆ ಅವರು ಘಟ್ಟ ಹತ್ತಿದ್ದು 1954ರ ಆಸುಪಾಸು. ಒಂದು ಸಣ್ಣ ನಾಣ್ಯ ನಮ್ಮ ಮನೆತನದ ಇಸವಿ ಹೇಳಿತು.

ಹೆಜ್ಜೆ 7: ಈಗ ಮನೆಯ ಕಾಗದಗಳನ್ನು ಓದಿ

ಇದನ್ನು ಮೊದಲೇ ಮಾಡಬಹುದಲ್ಲ ಅನ್ನಬಹುದು. ನಾನು ಹಾಗೆ ಮಾಡಿ ನೋಡಿದ್ದೇನೆ, ಕಾಗದ ಬರೀ ಕಾಗದವಾಗಿ ಕಂಡಿತು. ನೆನಪು ಸ್ವಲ್ಪ ಎದ್ದ ಮೇಲೆ ಅದೇ ಕಾಗದದ ಒಂದೊಂದು ಹೆಸರೂ ಮಾತಾಡುತ್ತದೆ.

ಮೆತ್ತಿನ ಮೇಲಿನ ಟ್ರಂಕು ಇಳಿಸಿ. ಹಳೆಯ ಬಗ್ಗೋಣ ಪಂಚಾಂಗಗಳು ಸಿಕ್ಕರೆ ಪುಟದ ಅಂಚುಗಳನ್ನು ನೋಡಿ. ಹುಟ್ಟು, ಸಾವು, ಆಕಳು ಕರು ಹಾಕಿದ್ದು, ಮನೆ ಬದಲಿಸಿದ ಮುಹೂರ್ತ, ಎಲ್ಲ ಅಲ್ಲಿ ಗೀಚಿರುತ್ತಾರೆ. ಮುಂಬೈಯಿಂದ ಬಂದ ಮನಿಯಾರ್ಡರಿನ ತುಂಡು, ಇನ್‌ಲ್ಯಾಂಡ್ ಪತ್ರ, ಗೇಣಿ ಚೀಟಿ, 1974ರ ನಂತರ ಗೇಣಿದಾರರು ಜಮೀನಿಗಾಗಿ ಕೊಟ್ಟ ಡಿಕ್ಲರೇಶನ್, ಕೈಬರಹದ ಪಹಣಿ, ಶಾಲೆ ಬಿಟ್ಟ ದಾಖಲೆ. ಶಾಲೆಯ ಹಳೇ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ಊರು, ಹಿಂದಿನ ಶಾಲೆ ಬರೆದಿರುತ್ತಾರೆ. ಮುಖ್ಯ ಗುರುಗಳಲ್ಲಿ ವಿನಯದಿಂದ ಕೇಳಿದರೆ ನೋಡಲು ಸಿಗಬಹುದು.

ಅಕ್ಷರ ಎಳೆದ ಹಾಗೆ, ತಲೆಗೆರೆಗೆ ನೇತುಬಿದ್ದ ಹಾಗೆ ಇದ್ದರೆ ಅದು ಮೋಡಿ ಲಿಪಿ ಇರಬಹುದು. ಹಳೆಯ ಮರಾಠಿ ವ್ಯವಹಾರ ಅದರಲ್ಲೇ ನಡೆಯುತ್ತಿತ್ತು. ಓದಬಲ್ಲವರು ಮಹಾರಾಷ್ಟ್ರದಲ್ಲಿ ಇನ್ನೂ ಇದ್ದಾರೆ. ಅಸಲು ಕೊಡಬೇಡಿ, ಫೋಟೊ ಕಳಿಸಿ. ಇನ್ನೊಂದು ಮಾತು. ನಮ್ಮ ಜಿಲ್ಲೆಯ 1956ಕ್ಕಿಂತ ಹಿಂದಿನ ಸರ್ಕಾರಿ ಕಾಗದ ಬೆಂಗಳೂರಿನಲ್ಲಿ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. ಮುಂಬೈಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಕೇಳಿ. ಗೋವೆಯ ಕಡೆಯದಾದರೆ ಪಣಜಿಯ ಪತ್ರಾಗಾರ.

ನೆನಪಿಗೂ ಕಾಗದಕ್ಕೂ ಜಗಳ ಬಂದರೆ ಎರಡನ್ನೂ ಬರೆದಿಡಿ. ಕಾಗದದಲ್ಲೂ ಸುಳ್ಳು ಇರುತ್ತದೆ. ಶಾಲೆಗೆ ಸೇರಿಸಲು ಹುಟ್ಟಿದ ದಿನ ಬದಲಿಸಿದ್ದು ಯಾವ ಮನೆಯಲ್ಲಿ ಇಲ್ಲ? ಗೇಣಿಯವನ ಹೆಸರನ್ನು ಬರೆಯದೇ ಬಿಟ್ಟ ಪಹಣಿಗಳೂ ಇವೆ. ಅಜ್ಜ ಹೇಳಿದ್ದೇ ಸರಿ ಇರಬಹುದು.

ಹೆಜ್ಜೆ 8: ಪುಟವನ್ನು ಊರಿಗೆ ಕೊಂಡುಹೋಗಿ ಓದಿ

ಊರು ಗೊತ್ತಾದ ಮೇಲೆ ಒಮ್ಮೆ ಹೋಗಿ ಬನ್ನಿ. ಗೆರೆ ಎಳೆದ ಆ ಪುಟವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿ ನಿಂತು ಓದಿ. ನಾನು ಗಜನಿಯ ಲೇಖನ ತೆಗೆದುಕೊಂಡು ದೇವಿಮನೆ ಇಳಿದು ಹೋದೆ. ಮೂಲಮನೆ ಇರಲಿಲ್ಲ. ಗದ್ದೆ ಇದ್ದ ಕಡೆ ಸಿಗಡಿ ಕೆರೆ. ದಂಡೆಯ ಮೇಲೆ ನಿಂತು ಅಜ್ಜಿಗೆ ವಿಡಿಯೊ ಕರೆ ಮಾಡಿ, ಅದೇ ಲೇಖನವನ್ನು ಮತ್ತೆ ಓದಿದೆ. ಕಣ್ಣು ಕಾಣದಿದ್ದರೂ ಅವಳಿಗೆ ಗಾಳಿಯ ಸದ್ದು ಕೇಳಿತು. “ಅಳಿವೆಗೆ ನೀರು ಏರೂ ಹೊತ್ತಾ?” ಎಂದು ಕೇಳಿದಳು. ಹೌದು, ಭರತದ ನೀರು, ಅಂದರೆ ಉಬ್ಬರ, ಏರುತ್ತಿತ್ತು.

ಅಲ್ಲಿ ಈಗ ಇರುವವರಿಗೆ ನೀವು ಯಾಕೆ ಬಂದಿರಿ ಎಂದು ಮೊದಲೇ ಹೇಳಿ. ಜಮೀನಿನ ಪಾಲು ಕೇಳಲು ಬಂದವರು ಎಂದು ಹೆದರುತ್ತಾರೆ. ಬರೀ ಬಾವಿಯ ನೀರು ಕುಡಿದು ಹೋಗಲು ಬಂದೆ ಎಂದು ನಾನು ಹೇಳಿದೆ. ಕುಡಿಯಲು ನೀರಿನ ಸಂಗಡ ಬೆಲ್ಲ ಕೊಟ್ಟರು.

ಹೆಜ್ಜೆ 9: ಬರೆದದ್ದನ್ನು ಅವರಿಗೇ ಓದಿ ಹೇಳಿ

ವಹಿ ಸ್ವಲ್ಪ ತುಂಬಿದ ಮೇಲೆ, ಪುಸ್ತಕ ಬದಿಗಿಟ್ಟು ವಹಿಯನ್ನೇ ಓದಿ. ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ, ಸಾಧ್ಯವಾದರೆ ಅವರಿಂದಲೇ ಓದಿಸಿ. ಎಡಗಡೆಯ ಪುಟ ಖಾಲಿ ಬಿಡಿ ಎಂದದ್ದು ಇದಕ್ಕೇ. ಪ್ರತಿ ಸಲ ಓದುವಾಗಲೂ ಏನೋ ಒಂದು ಬದಲಾಗುತ್ತದೆ, ಏನೋ ಒಂದು ಸೇರುತ್ತದೆ. ಮೊದಲು ಬರೆದದ್ದನ್ನು ಅಳಿಸದೆ ಎದುರಿನ ಪುಟದಲ್ಲಿ ಹೊಸದನ್ನು ಬರೆಯಿರಿ.

ನಮ್ಮ ವಹಿಯ ನಾಲ್ಕನೆಯ ಪುಟದಲ್ಲಿ, ಅಜ್ಜ ಅಜ್ಜಿ ಬಸ್ಸಿನಲ್ಲಿ ಘಟ್ಟ ಹತ್ತಿದರು ಎಂದು ಬರೆದಿದ್ದೆ. ತಂಗಿಯ ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಕೈ ಅಡ್ಡ ಹಿಡಿದಳು. “ಬಸ್ಸಲ್ಲ. ನಡ್ಕಂಡೇ ಬಂದದ್ದು. ತಲೆ ಮೇಲೆ ಬೀಜದ ಭತ್ತ ಇತ್ತು.” ಯಾವ ಭತ್ತ ಎಂದು ಮಗು ಕೇಳಿತು. “ಕಗ್ಗ. ಇಲ್ಲಿ ಬರ್ಲಿಲ್ಲ ಅದು” ಅಂದಳು.